ಮಗು ಮಲಗುವಷ್ಟು ಸದ್ದು

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ನಮ್ಮ ಮೂರು ತಿಂಗಳ ಬಟಾಣಿ ಮಲಗಿದಳು. ಕೊನೆಗೂ. ಸದ್ದಿನ ಡಬ್ಬಿ ಕಿಟಕಿಯ ಕಟ್ಟೆಯ ಮೇಲೆ, ತೊಟ್ಟಿಲಿನಿಂದ ಆದಷ್ಟು ದೂರ. ಮೋಡದ ಚಿತ್ರವಿರುವ ಗುಂಡಿ ಒತ್ತಿದ್ದೇನೆ. ಅಂದರೆ ಮಳೆಯ ಸದ್ದು. ಮೊಬೈಲನ್ನು ಅವಳ ತಲೆಯ ಹತ್ತಿರ ಹಿಡಿದು ನೋಡಿದೆ. ನಲವತ್ತೆಂಟು ಡೆಸಿಬೆಲ್, ಒಮ್ಮೊಮ್ಮೆ ಐವತ್ತು. ಸರಿಯಾಗಿದೆ.

ಡಬ್ಬಿ ಕೊಟ್ಟವರು ಇವಳ, ಅಂದರೆ ನನ್ನ ಹೆಂಡತಿಯ, ಬಸ್ ಡಿಪೋದ ಗೆಳತಿಯರು. ಅಂಗೈಯಗಲದ ಬಿಳಿ ಡಬ್ಬಿ. ಮುಂದೆ ಚಿತ್ರದ ಗುಂಡಿಗಳು — ಮೋಡ, ಅಲೆ, ಫ್ಯಾನು, ವಿಮಾನ. ಪಕ್ಕದಲ್ಲಿ ಸದ್ದು ಏರಿಸಿ ಇಳಿಸುವ ತಿರುಪು. ನಮ್ಮ ಕಟ್ಟಡದಲ್ಲಿ ಇದಿಲ್ಲದೆ ಆಗುವುದಿಲ್ಲ. ಮೇಲಿನ ಮನೆಯವರು ಬಾಗಿಲು ಹಾಕಿದರೆ ನಮ್ಮನೆಯ ಲೋಟಗಳು ನಡುಗುತ್ತವೆ.

ಮಕ್ಕಳ ಡಾಕ್ಟರು ಮೊದಲೇ ಎಚ್ಚರಿಸಿದ್ದರು. "ಬಾತ್‌ರೂಮಿನ ಬಾಗಿಲು ಹಾಕ್ಕೊಂಡು ಯಾರೋ ಶವರ್ ಬಿಟ್ಟಿದಾರೆ ಅಂದ್ಕೊಳ್ಳಿ. ಹೊರಗೆ ಎಷ್ಟು ಕೇಳ್ಸುತ್ತೋ ಅಷ್ಟು ಸಾಕು. ಮಗು ಮಲಗಿದ ಮೇಲೆ ಆಫ್ ಮಾಡಿ."

"ಜೋರಾದ್ರೆ ಏನಾಗುತ್ತೆ?" ಇವಳು ಕೇಳಿದಳು.

"ಎಳೇ ಕಿವಿ. ದಿನಾ ಗಂಟೆಗಟ್ಟಲೆ ಜೋರು ಸದ್ದು ಬಿದ್ರೆ ಒಳಗಿರೋ ಸೂಕ್ಷ್ಮ ಜೀವಕೋಶಗಳು ಸತ್ತು ಹೋಗ್ತವೆ. ಅವು ಮತ್ತೆ ಹುಟ್ಟಲ್ಲ."

ಮತ್ತೆ ಹುಟ್ಟಲ್ಲ! ಅವತ್ತಿನಿಂದ ನನಗೆ ಅಳೆಯುವ ಹುಚ್ಚು. ಮಲಗಿದ ಮೇಲೆ ಆಫ್ ಮಾಡಲು ಮಾತ್ರ ಧೈರ್ಯವಿಲ್ಲ, ಎದ್ದುಬಿಟ್ಟರೆ? ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡು ಮನೆಯನ್ನೆಲ್ಲ ಅಳೆಯುತ್ತಿದ್ದೇನೆ. ಫ್ರಿಜ್ಜು ನಲವತ್ತು. ಮಿಕ್ಸಿ ಎಂಬತ್ತೈದು. ಮೇಲಿನ ಮನೆಯ ಯಜಮಾನರ ಸೀನು, ಸೂರಿನ ಮೂಲಕ, ಐವತ್ತೆಂಟು. ನನ್ನ ಜೋಗುಳ ಎಪ್ಪತ್ತು. (ಇವಳು: "ಅದಕ್ಕೇ ಅಳ್ತಾಳೆ.") ಹೆಗಲ ಮೇಲೆ ಬಟಾಣಿಯ ಅಳು — ನೂರರ ಹತ್ತಿರ! ಇಷ್ಟು ಪುಟ್ಟ ಗಂಟಲಲ್ಲಿ ಎಲ್ಲಿ ಅಡಗಿತ್ತು ಅಷ್ಟು ಸದ್ದು?

ಇವಳು ಮತ್ತೆ ಬಸ್ ಓಡಿಸಲು ಹೋಗುತ್ತಿದ್ದಾಳೆ. ನನ್ನ ರಜೆ ಮುಂದಿನ ತಿಂಗಳ ಆರಕ್ಕೆ ಮುಗಿಯುತ್ತದೆ. ಆಮೇಲೆ ನಾನೂ ಕನ್ನಡಕದ ಅಂಗಡಿಗೆ. ಹಗಲು ಹೊತ್ತು ಬಟಾಣಿಯನ್ನು ನೋಡಿಕೊಳ್ಳುವವರು ಅತ್ತೆ. ಅದಕ್ಕೆಂದೇ ಕಳೆದ ವಾರ ಬಂದಿದ್ದಾರೆ.

ಮಾರ್ಚ್ 4, ಮಂಗಳವಾರ

ಪ್ರತಿಸಲ ಅಳೆಯುವುದು ತಾಪತ್ರಯ. ಅಂಗಡಿಯಲ್ಲಿ ಲೆನ್ಸಿನ ಮೇಲೆ ಗುರುತು ಹಾಕುವ ಪೆನ್ನು ಚೀಲದಲ್ಲೇ ಇತ್ತು. ತಿರುಪಿನ ಮೇಲೊಂದು ಚುಕ್ಕೆ, ಡಬ್ಬಿಯ ಮೇಲೊಂದು ಚುಕ್ಕೆ. ಎರಡೂ ಎದುರುಬದುರಾದರೆ ಐವತ್ತು. ಅತ್ತೆಗೂ ತೋರಿಸಿದೆ. "ಹೂಂ ಹೂಂ" ಅಂದರು. ಎಂದಿನಂತೆ ಕಣ್ಣು ನನ್ನ ಮೀಸೆಯ ಮೇಲೆ.

ನನ್ನ ಮೀಸೆ ಕಂಡರೆ ಅತ್ತೆಗಾಗದು. ಮದುವೆಯ ಮಾತುಕತೆಯಾದ ದಿನವೇ ಇವಳ ಹತ್ತಿರ ಹೇಳಿದ್ದರಂತೆ — "ಆ ಪೊದೆ ಒಂದು ತೆಗೆದ್ರೆ ಮನುಷ್ಯ ಚೆನ್ನಾಗಿದಾನೆ." ಅತ್ತೆಗೂ ನನಗೂ ಅಂದಿನಿಂದ ಅಷ್ಟಕ್ಕಷ್ಟೆ. ಜಗಳವಿಲ್ಲ. ಮಾತೂ ಇಲ್ಲ. ನಾನು ಏನಾದರೂ ಕೇಳಿದರೆ ಒಂದು ನಗು. ಕೆಲವು ಸಲ ಅದೂ ಇಲ್ಲ.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ವಿಚಿತ್ರ. ಬಟಾಣಿ ಮಲಗಿದ್ದಾಗ ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಚುಕ್ಕೆಗಳು ಎದುರುಬದುರು ಇಲ್ಲ. ತಿರುಪು ಸಾಕಷ್ಟು ಮೇಲೇರಿದೆ. ಅಳೆದೆ — ಎಪ್ಪತ್ತೊಂದು. ಥಟ್ಟನೆ ಇಳಿಸಿದೆ.

ನಿನ್ನೆಯೂ ಹೀಗೇ ಆಗಿತ್ತು. ನಾನೇ ಕೈತಾಗಿಸಿರಬೇಕು ಅಂದುಕೊಂಡಿದ್ದೆ.

ಇವಳಿಗೆ ಫೋನ್ ಮಾಡಿ ಕೇಳಿದೆ. "ನಾನ್ಯಾಕೆ ಮುಟ್ಲಿ? ನಾನು ಮನೇಲಿದ್ರೆ ತಾನೇ! ನಿದ್ದೆಗಣ್ಣಲ್ಲಿ ನೀವೇ ಏನೋ ಮಾಡಿರ್ತೀರಾ."

ಇರಬಹುದು. ಮೂರು ತಿಂಗಳಿಂದ ನೆಟ್ಟಗೆ ನಿದ್ದೆಯಿಲ್ಲ. ಮೊನ್ನೆ ಹಲ್ಲುಜ್ಜುವ ಬ್ರಷ್ಷನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಆದರೂ... ತಿರುಪು ತಾನಾಗಿ ತಿರುಗುತ್ತದೆಯೇ? ಮೇಲಿನ ಮನೆಯ ಬಾಗಿಲಿನ ಅದುರುವಿಕೆಗೆ? ಪರೀಕ್ಷೆ ಮಾಡಿದೆ. ಕಟ್ಟೆಯನ್ನು ಗುದ್ದಿದೆ, ಡಬ್ಬಿಯನ್ನು ಅಲ್ಲಾಡಿಸಿದೆ. ಚುಕ್ಕೆ ಅಲುಗಲಿಲ್ಲ. ಬಟಾಣಿ ಎದ್ದಳು ಅಷ್ಟೆ.

ಮಾರ್ಚ್ 7, ಶುಕ್ರವಾರ

ಸಿಕ್ಕಿತು. ಅತ್ತೆ!

ಬಾಗಿಲ ಸಂದಿಯಿಂದ ನೋಡಿದೆ. ಡಬ್ಬಿಯ ಮುಂದೆ ಬಗ್ಗಿದರು. ಕಿವಿ ಹತ್ತಿರ ತಂದರು. ಮುಖ ಸಿಂಡರಿಸಿ ತಿರುಪನ್ನು ತಿರುವಿದರು. ಮತ್ತೆ ಕಿವಿ. ಮತ್ತೆ ತಿರುವು. ಆಮೇಲೆ ಸಮಾಧಾನವಾದಂತೆ ತಲೆಯಾಡಿಸಿದರು.

ಧೈರ್ಯ ಮಾಡಿ ಒಳಗೆ ಹೋದೆ. ಮಗು ಮಲಗಿದೆಯಲ್ಲ, ಮೆಲ್ಲಗೇ ಹೇಳಿದೆ. "ಅತ್ತೆ, ಸದ್ದು ಸ್ವಲ್ಪ ಜಾಸ್ತಿ ಆಯ್ತು."

ನನ್ನನ್ನು ನೋಡಿ ನಕ್ಕರು. "ಜಾಸ್ತಿ ಆದ್ರೆ ಆಗ್ಲಿ ಬಿಡಿ ಅಳಿಯಂದ್ರೇ. ಅಜ್ಜಿ ಮಾಡ್ದೆ ಇನ್ಯಾರು ಮಾಡ್ಬೇಕು?"

ಹೇಳಿ ಹೊರಟೇಹೋದರು!

ಎಂಥ ಉತ್ತರ ಇದು? ಡಾಕ್ಟರು ಹೇಳಿದ್ದು ಗೊತ್ತಿದೆ. ಚುಕ್ಕೆ ತೋರಿಸಿದ್ದೇನೆ. ಆದರೂ ಬೇಕೆಂದೇ... ಇವಳಿಗೆ ಹೇಳಿದರೆ ತಾಯಿ ಮಗಳ ನಡುವೆ ತಂದಿಟ್ಟಂತೆ. ಹೇಳದಿದ್ದರೆ ಬಟಾಣಿಯ ಕಿವಿ. ತಿರುಪು ಇಳಿಸಿ, ಅಲ್ಲೇ ನೆಲದ ಮೇಲೆ ಕಾವಲು ಕುಳಿತೆ. ಸಿಟ್ಟಿನಲ್ಲಿ ನನ್ನ ಉಸಿರೇ ಐವತ್ತೈದು ತೋರಿಸಿತು.

ಮಾರ್ಚ್ 11, ಮಂಗಳವಾರ

ಇವತ್ತೊಂದು ಹೊಸ ವಿಷಯ ಗೊತ್ತಾಯಿತು.

ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಬಟಾಣಿಯನ್ನು ಎದೆಗೆ ಕಟ್ಟಿಕೊಂಡು ಇವಳ ಬಸ್ಸು ಹತ್ತಿದೆ. ಹಿಂದಿನ ಸೀಟು, ಇಂಜಿನ್ ಪಕ್ಕ. ಬಟಾಣಿ ಕಿರುಚುತ್ತಿದ್ದವಳು ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಕಣ್ಣು ಮುಚ್ಚಿದ್ದಳು. ಇಳಿದರೆ ಎಚ್ಚರ. ಹತ್ತಿದರೆ ನಿದ್ದೆ. ಇಳಿದು ಹತ್ತಿ ಇಳಿದು ಹತ್ತಿ ಪರೀಕ್ಷೆ ಮಾಡಿದೆ. ಕಂಡಕ್ಟರಮ್ಮ "ಇವರಿಗೇನಾಗಿದೆ?" ಎಂದು ಇವಳನ್ನು ಕೇಳಿದರಂತೆ. "ನಮ್ಮನೆಯವ್ರೇ. ಹಾಗೇ ಇರ್ತಾರೆ" ಅಂದಳಂತೆ ಇವಳು.

ಹೊಟ್ಟೆಯಲ್ಲಿದ್ದಾಗ ಏಳು ತಿಂಗಳು ತುಂಬುವವರೆಗೆ ಇವಳು ಇದೇ ಬಸ್ ಓಡಿಸಿದ್ದಳು. ಬಟಾಣಿಗೆ ಲೋಕದ ಮೊದಲ ಸದ್ದು ಅದೇ ಇರಬೇಕು. ಆ ಗುಡುಗುಡು.

ಮನೆಗೆ ಬಂದು ಡಬ್ಬಿಯ ಗುಂಡಿಗಳನ್ನೆಲ್ಲ ಒತ್ತಿ ನೋಡಿದೆ. ಮೋಡ, ಅಲೆ, ಫ್ಯಾನು — ಎಲ್ಲ ಸೊಯ್ಯೋ ಸುಯ್ಯೋ. ವಿಮಾನ ಮಾತ್ರ ಬೇರೆ. ತಗ್ಗಿನ ಸದ್ದು, ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಹಾಗೆ. ಹಾಕಿದೆ. ಬಟಾಣಿ ಒಂದು ಆಕಳಿಕೆ ತೆಗೆದಳು, ಮಲಗಿದಳು. ಐವತ್ತೂ ಬೇಡ, ನಲವತ್ತೈದಕ್ಕೇ ಸಾಕಾಯಿತು.

ಹಳೆಯ ಚುಕ್ಕೆ ಅಳಿಸಿ ಹೊಸ ಚುಕ್ಕೆ ಇಟ್ಟೆ.

ಮಾರ್ಚ್ 15, ಶನಿವಾರ

ಇನ್ನೂ ವಿಚಿತ್ರ. ಮಂಗಳವಾರದಿಂದ ತಿರುಪು ಅಲುಗಿಲ್ಲ. ಅತ್ತೆ ದಿನಾ ಒಳಗೆ ಹೋಗುತ್ತಾರೆ, ಡಬ್ಬಿಯ ಹತ್ತಿರ ಬಗ್ಗುತ್ತಾರೆ, ತಲೆಯಾಡಿಸಿ ಬರುತ್ತಾರೆ. ಮುಟ್ಟುವುದಿಲ್ಲ.

ನನ್ನ ಮಾತು ತಡವಾಗಿಯಾದರೂ ನಾಟಿತು ಅಂದುಕೊಂಡೆ. ಇವತ್ತು ಅವರು ಕಾಫಿ ತಂದುಕೊಟ್ಟಾಗ "ಥ್ಯಾಂಕ್ಸ್ ಅತ್ತೆ" ಅಂದೆ. "ಸಕ್ಕರೆ ಹಾಕಿದೀನಲ್ಲ" ಅಂದರು.

ಮಾರ್ಚ್ 18, ಮಂಗಳವಾರ. ಸಂಜೆ

ಇವಳು ಬೆಳಿಗ್ಗೆ ಧೂಳು ಒರೆಸುವಾಗ ಕೈತಪ್ಪಿ ಮೋಡದ ಗುಂಡಿ ಒತ್ತಿದ್ದಾಳೆ. ನಾನು ನೋಡಿರಲಿಲ್ಲ. ಮಧ್ಯಾಹ್ನ ಕೋಣೆಗೆ ಹೋದರೆ ಮಳೆ ಧಾರಾಕಾರ. ತಿರುಪು ಮೇಲಕ್ಕೆ!

ಇಳಿಸಿ, ವಿಮಾನ ಹಾಕಿ, ಹೊರಗೆ ಕೂತು ಯೋಚಿಸಿದೆ. ವಿಮಾನವಿದ್ದರೆ ಮುಟ್ಟುವುದಿಲ್ಲ. ಮಳೆಯಿದ್ದರೆ ಏರಿಸುತ್ತಾರೆ. ಹಟವಾದರೆ ಎರಡಕ್ಕೂ ಇರಬೇಕಲ್ಲ. ಮಳೆಯ ಮೇಲೇನು ಇವರಿಗೆ ಪ್ರೀತಿ?

ಅಂಗಡಿಗೆ ಬರುತ್ತಿದ್ದ ಒಬ್ಬರು ನೆನಪಾದರು. ಗೋಡೆಯ ಮೇಲಿನ ಅಕ್ಷರದ ಪಟ್ಟಿಯನ್ನು ಪಟಪಟ ಓದುತ್ತಿದ್ದರು, ಕೊನೆಯ ಸಾಲಿನವರೆಗೂ. ಪಟ್ಟಿ ಬದಲಾಯಿಸಿದ ದಿನವೂ ಹಳೆಯದನ್ನೇ ಓದಿದರು. ಹಿಂದೊಮ್ಮೆ ಸಾಲಿನಲ್ಲಿ ಕಾಯುತ್ತಾ, ಮುಂದಿನವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು.

ಅತ್ತೆಯ ನಗು. "ಹೂಂ ಹೂಂ." "ಸಕ್ಕರೆ ಹಾಕಿದೀನಲ್ಲ."

ಕಣ್ಣು ಮಂಜಾದರೆ ದೊಡ್ಡ ಅಕ್ಷರ ಕಾಣುತ್ತದೆ, ಚಿಕ್ಕದು ಕಾಣುವುದಿಲ್ಲ. ಕಿವಿಯಲ್ಲೂ ಹಾಗಿದೆಯೇ? ತಗ್ಗಿನ ಸದ್ದು ಕೇಳಿ, ಕೀರಲು ಸದ್ದು ಕೇಳದೆ ಹೋಗುವುದು? ಹುಡುಕಿ ಓದಿದೆ. ಇದೆಯಂತೆ. ವರ್ಷಗಟ್ಟಲೆ ಮಿಷನ್ನುಗಳ ನಡುವೆ ಕೆಲಸ ಮಾಡಿದವರಿಗೆ ಮೊದಲು ಹೋಗುವುದೇ ಮೇಲಿನ ಸದ್ದುಗಳು. 'ಸ', 'ಶ', 'ಚ'...

ಅತ್ತೆ ನೂಲಿನ ಗಿರಣಿಯಲ್ಲಿದ್ದವರು. ಹುಡುಗಿಯಾಗಿದ್ದಾಗಿನಿಂದ.

ಮಾರ್ಚ್ 19, ಬುಧವಾರ

ಕೊರಿಯರ್‌ನವನು ಕೆಳಗೆ ಕರೆದ. ಸಹಿ ಹಾಕಿ, ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿ ಬಂದೆ. ನಮ್ಮ ಮಹಡಿ ತಲುಪುವ ಮೊದಲೇ ಅಳು ಕೇಳಿಸಿತು. ನೂರರ ಅಳು. ಬಿಕ್ಕಿ ಬಿಕ್ಕಿ, ಮಧ್ಯೆ ಉಸಿರು ಕಟ್ಟಿ.

ಓಡಿದೆ. ಬಟಾಣಿಯ ಮುಖ ಕೆಂಪು. ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅತ್ತೆ ಬೆನ್ನು ಹಾಕಿ ನಿಂತು ಹಾಲಿನ ಬಾಟಲಿ ತೊಳೆಯುತ್ತಿದ್ದರು. ನಲ್ಲಿ ಬಿಟ್ಟಿತ್ತು. ನಾಲ್ಕು ಹೆಜ್ಜೆ ದೂರದಲ್ಲಿ ಮಗು ಕೀರಲಾಗಿ ಅಳುತ್ತಿದೆ. ಅವರು ತಮ್ಮ ಪಾಡಿಗೆ ಏನೋ ಗುನುಗುತ್ತಾ ಬ್ರಷ್ ಆಡಿಸುತ್ತಿದ್ದಾರೆ.

ತಿರುಗಿದರು. ನಮ್ಮಿಬ್ಬರನ್ನು ನೋಡಿದರು.

"ಈಗ್ತಾನೆ ಎದ್ಲಾ?"

"ಹೂಂ ಅತ್ತೆ. ಈಗ್ತಾನೆ."

ಹತ್ತಿರ ಬಂದು ಬಟಾಣಿಯ ಕಿವಿಯ ಹಿಂದೆ ಬೆರಳಾಡಿಸಿದರು. ಕಣ್ಣೀರು ಇಳಿದು ಕೂದಲು, ಕತ್ತು, ಅಂಗಿಯ ಕಾಲರು ಎಲ್ಲ ಒದ್ದೆ.

"ಈಗ್ತಾನೆ ಅಲ್ಲ" ಅಂದರು.

ಬಾಟಲಿಯನ್ನು ಒರೆಸಿಟ್ಟು ತಮ್ಮ ಕೋಣೆಗೆ ಹೋದರು.

ಮಾರ್ಚ್ 20, ಗುರುವಾರ

ಅತ್ತೆಯ ಚೀಲ ಕಟ್ಟಿಟ್ಟಿದೆ. ಮಂಚದ ಕೆಳಗೆ. ಯಾರಿಗೂ ಏನೂ ಹೇಳಿಲ್ಲ. ನಾನೂ ಇವಳಿಗೆ ಏನೂ ಹೇಳಿಲ್ಲ.

ಮಾರ್ಚ್ 22, ಶನಿವಾರ. ಮಧ್ಯಾಹ್ನ

ಇವಳು ಬೆಳಗಿನ ಪಾಳಿಗೆ ಹೋದ ಮೇಲೆ ಅತ್ತೆಯ ಎದುರು ಹೋಗಿ ಕುಳಿತೆ. ಬಟಾಣಿ ಅವರ ತೊಡೆಯ ಮೇಲೆ. ಏನು ಹೇಳಬೇಕೆಂದು ಹೊಳೆಯದೆ ಮೊಬೈಲಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ತೋರಿಸಿದೆ: "ನನ್ನ ಮಾತು ನಿಮಗೆ ಕೇಳ್ಸುತ್ತಾ?"

ಬಹಳ ಹೊತ್ತು ನೋಡಿದರು. ಆಮೇಲೆ ಮೊಬೈಲನ್ನು ಮಗುಚಿಟ್ಟರು.

"ಬೇರೆಯವ್ರದ್ದು ಕಾಣ್ಸುತ್ತೆ. ನಿಮ್ಮದು ಕಾಣ್ಸಲ್ಲ."

"ಕಾಣ್ಸಲ್ವಾ?"

"ನೋಡಿ, ಈಗ್ಲೂ ಮೀಸೆ ಅಲ್ಲಾಡಿದ್ದು ಗೊತ್ತಾಯ್ತು. ಮಾತು ಗೊತ್ತಾಗ್ಲಿಲ್ಲ."

ಆಮೇಲೆ ಎಲ್ಲ ಹೇಳಿದರು. ಮೂರು ವರ್ಷದಲ್ಲಿ ನನ್ನೊಂದಿಗೆ ಆಡದಿದ್ದ ಮಾತೆಲ್ಲ ಒಂದೇ ಸಲ. ಗಿರಣಿಯ ಆ ಹಾಲ್‌ನಲ್ಲಿ ಪಕ್ಕದವಳ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಹೆಂಗಸರೆಲ್ಲ ತುಟಿ ನೋಡಿಕೊಂಡೇ ಮಾತಾಡುತ್ತಿದ್ದರು. ಹಾಲಿನ ಆ ತುದಿಯಿಂದ ಈ ತುದಿಗೆ, ಬಾಯಿಂದ ಸದ್ದೇ ಹೊರಡಿಸದೆ ಹರಟೆ. "ಮೇಸ್ತ್ರಿ ಅಲ್ಲೇ ನಿಂತಿರ್ತಿದ್ದ. ಅವನ ಬೆನ್ನ ಹಿಂದಿಂದ ಅವನನ್ನೇ ಬೈತಿದ್ವಿ. ಅಂಥ ಸುಖ ಇನ್ನೊಂದಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಗಿರಣಿ ಬಿಟ್ಟ ಮೇಲೂ ಹಾಗೇ ಸಾಗಿಸಿದರಂತೆ. ಕಿವಿ ಹೋಗಿದ್ದು ಯಾವಾಗ ಎಂದು ಅವರಿಗೇ ತಿಳಿಯದು.

ಮೊಬೈಲಿನಲ್ಲಿ ಬರೆದೆ: "ಡಬ್ಬಿಯಲ್ಲಿ ಮಳೆ ಕೇಳ್ಸುತ್ತಾ?"

"ಮಳೆನಾ? ಅದ್ರಲ್ಲಿ ಮಳೆ ಬರುತ್ತಾ? ಡಬ್ಬಿ ಕೆಟ್ಟಿದೆ ಅಂದ್ಕೊಂಡಿದ್ದೆ. ಏನಾದ್ರೂ ಕೇಳ್ಸೋವರೆಗೂ ತಿರುಗಿಸ್ತಿದ್ದೆ. ಆಮೇಲೆ ನೀವು ರಿಪೇರಿ ಮಾಡಿದ್ರಲ್ಲ, ಆ ಗುಡುಗುಡು, ಅದು ಚೆನ್ನಾಗಿ ಕೇಳ್ಸುತ್ತೆ."

ನನ್ನ ಲೆಕ್ಕ ಸರಿಯಿತ್ತು! ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ.

"ಮತ್ತೆ ಅವತ್ತು, ಸದ್ದು ಜಾಸ್ತಿ ಆಯ್ತು ಅಂದಿದ್ದಕ್ಕೆ..." ಇದನ್ನೂ ಬರೆದೆ.

ಓದಿ, ಬಾಯಿಗೆ ಸೆರಗು ಒತ್ತಿಕೊಂಡರು. "ಸದ್ದಾ? ನಾನು ಮುದ್ದು ಅಂದ್ಕೊಂಡೆ! ಮಗೂಗೆ ಮುದ್ದು ಜಾಸ್ತಿ ಆಯ್ತು ಅಂತ ನನಗೇ ಹೇಳ್ತೀರಲ್ಲ ಅಂತ... ಅಯ್ಯೋ ದೇವ್ರೇ."

ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ.

"ಅವಳಿಗೆ ಹೇಳ್ಬೇಡಿ. ಗೊತ್ತಾದ್ರೆ ಮಗೂನ ನನ್ನ ಕೈಗೆ ಬಿಡಲ್ಲ. ನಾನೇ ಹೊರಟುಹೋಗ್ತೀನಿ, ಮೈ ಹುಷಾರಿಲ್ಲ ಅಂತ ಹೇಳಿ."

ಬರೆದೆ: "ನಮ್ಮಂಗಡೀಲಿ ಕನ್ನಡಕ ಹಾಕಿಸ್ಕೊಳ್ಳೋಕೆ ನಾಚ್ಕೊಳ್ಳೋರು ಬರ್ತಾರೆ. ಹಾಕ್ಕೊಂಡ ಮೇಲೆ ತೆಗೆಯಲ್ಲ."

"ಕನ್ನಡಕ ಹಾಕ್ಕೊಂಡ್ರೆ ಓದಿದೋರು ಅಂತಾರೆ. ಕಿವಿಗೆ ಹಾಕ್ಕೊಂಡ್ರೆ ಕಿವುಡಿ ಅಂತಾರೆ."

ನಿಜವೇ ತಾನೇ. ಬಾತ್‌ರೂಮಿಗೆ ಹೋದೆ. ಕಾಲೇಜಿನ ಕಾಲದಿಂದ ಬೆಳೆಸಿದ್ದು... ಕತ್ತರಿ, ಆಮೇಲೆ ರೇಜರು. ಮೇಲ್ತುಟಿಗೆ ಗಾಳಿ ತಾಗಿ ಚಳಿಯಾಯಿತು. ಹೊರಗೆ ಬಂದು ಅತ್ತೆಯ ಎದುರು ನಿಂತು, ಬರೆಯದೆ, ಬಾಯಿಂದಲೇ ಹೇಳಿದೆ. "ನೀವೇ ಅವಳಿಗೆ ಹೇಳಿ ಅತ್ತೆ. ನಾನು ಪಕ್ಕದಲ್ಲಿರ್ತೀನಿ."

ತುಟಿಯನ್ನೇ ನೋಡುತ್ತಿದ್ದರು. "ಇರ್ತೀರಾ?" ಅಂದರು. ಆಮೇಲೆ, "ಅಯ್ಯೋ, ಇಷ್ಟು ಚಿಕ್ಕ ಹುಡುಗ್ರಾ ನೀವು!"

ಬಟಾಣಿ ನನ್ನ ಮುಖ ನೋಡಿ ಗಾಬರಿಯಾಗಿ ಅತ್ತಳು. ಅಳೆಯಲಿಲ್ಲ.

ಮಾರ್ಚ್ 23, ಭಾನುವಾರ

ನಿನ್ನೆ ಇವಳು ಬಾಗಿಲು ತೆರೆದವಳೇ ನನ್ನನ್ನು ನೋಡಿ ಗೋಡೆ ಹಿಡಿದು ನಕ್ಕಳು. "ಯಾರಪ್ಪಾ ನೀನು? ನಮ್ಮನೆಯವ್ರು ಎಲ್ಲಿ?" ನಗು ಮುಗಿಯುವ ಮೊದಲೇ ಅತ್ತೆ ಹೇಳಿಬಿಟ್ಟರು. "ನನಗೆ ಕಿವಿ ಸರಿಯಾಗಿ ಕೇಳ್ಸಲ್ಲ ಕಣೇ. ಮಗು ಅತ್ತಿದ್ದು ಕೇಳ್ಸಿಲ್ಲ."

ಇವಳ ಮುಖ ನೋಡಬೇಕಿತ್ತು. ನಂಬಿಕೆಯೇ ಬರಲಿಲ್ಲ ಮೊದಲು. "ಚೆನ್ನಾಗೇ ಮಾತಾಡ್ತೀಯಲ್ಲ ನನ್ನ ಹತ್ರ?" ಆಮೇಲೆ ನಿಧಾನಕ್ಕೆ ಅವಳೇ — "ಅಮ್ಮನ ಹತ್ರ ಮಾತಾಡ್ಬೇಕು ಅಂದ್ರೆ ಎದುರಿಗೆ ಬಂದು ನಿಲ್ಬೇಕು. ಮುಖ ನೋಡಿ ಮಾತಾಡ್ಬೇಕು. ಚಿಕ್ಕಂದಿನಿಂದ ಹಾಗೇ. ನಾನು ಅದು ಮರ್ಯಾದೆ ಅಂದ್ಕೊಂಡಿದ್ದೆ."

ಆಮೇಲೆ ಸಿಟ್ಟು. "ಒಬ್ಳೇ ರಸ್ತೆ ದಾಟ್ತೀಯ. ಹಾರ್ನ್ ಹೊಡೆದ್ರೂ ತಿರುಗಿ ನೋಡದೇ ಇರೋರನ್ನ ದಿನಾ ಬೈಕೊಂಡು ಓಡಿಸ್ತೀನಿ ನಾನು. ಅವ್ರಲ್ಲಿ ಒಬ್ಳು ನೀನಾ? ನನಗ್ಯಾಕೆ ಹೇಳ್ಲಿಲ್ಲ?"

ಅತ್ತೆ ತಲೆ ತಗ್ಗಿಸಿದ್ದರು. ಅಂದರೆ, ಅವಳು ಬೈದದ್ದು ಅರ್ಧ ಅವರಿಗೆ ತಲುಪಿಯೇ ಇರಲಿಲ್ಲ. ಇವಳಿಗೆ ಅದು ಹೊಳೆದದ್ದು ತಡವಾಗಿ. ಹೋಗಿ ಅವರ ಗಲ್ಲ ಹಿಡಿದು ಮುಖ ಎತ್ತಿದಳು. ಆದರೆ ಮತ್ತೆ ಬೈಯಲಿಲ್ಲ.

ಇವತ್ತು ಇವಳು ಡೇಕೇರ್‌ಗಳ ನಂಬರು ಹುಡುಕುತ್ತಿದ್ದಾಳೆ. ಅಮ್ಮನಿಗೆ ಕಾಣದಂತೆ.

ಮಾರ್ಚ್ 27, ಗುರುವಾರ

ಕಿವಿ ಪರೀಕ್ಷೆ. ಸದ್ದೇ ಇಲ್ಲದ ಪುಟ್ಟ ಕೋಣೆ, ದಪ್ಪ ಬಾಗಿಲು. ಅತ್ತೆ ಒಳಗೆ, ತಲೆಗೆ ಹೆಡ್‌ಫೋನು. ನಾವು ಗಾಜಿನಾಚೆ. ಸದ್ದು ಕೇಳಿದರೆ ಬಟನ್ ಒತ್ತಬೇಕು. ಪರೀಕ್ಷಿಸುವ ಹುಡುಗಿ ಹೊರಗಿನಿಂದ ಒಂದೊಂದೇ ಸದ್ದು ಕಳಿಸುತ್ತಿದ್ದಳು. ಮೊದಮೊದಲು ಅತ್ತೆ ಟಕ್ ಟಕ್ ಎಂದು ಒತ್ತಿದರು. ಸದ್ದು ಕೀರಲಾಗುತ್ತಾ ಹೋದಂತೆ ಕೈ ಸುಮ್ಮನಾಯಿತು. ಹುಡುಗಿ ಜೋರು ಮಾಡುತ್ತಾ ಹೋದಳು. ಅತ್ತೆ ಗಾಜಿನಾಚೆಗಿನ ನಮ್ಮ ಮುಖಗಳನ್ನೇ ನೋಡುತ್ತಿದ್ದರು — ನಮ್ಮ ಮುಖದಲ್ಲಿ ಉತ್ತರ ಸಿಗುತ್ತದೇನೋ ಎಂಬಂತೆ. ನಾನು ಬೇರೆ ಕಡೆ ತಿರುಗಿದೆ. ಇವಳು ತಿರುಗಲಿಲ್ಲ.

ಪರೀಕ್ಷೆಯ ಗ್ರಾಫಿನಲ್ಲಿ ಗೆರೆ ಎಡದ ತಗ್ಗಿನ ಸದ್ದುಗಳಲ್ಲಿ ಸಮತಟ್ಟು, ಬಲದ ಕೀರಲು ಸದ್ದುಗಳ ಕಡೆ ಹೋದಂತೆ ಜಾರುಬಂಡೆ. "ಮಿಷನ್ ಕೆಲ್ಸದವ್ರಿಗೆ ಹೀಗೇ ಆಗೋದು" ಅಂದಳು ಹುಡುಗಿ. "ಮೇಲಿನ ಸದ್ದುಗಳನ್ನ ಮಾತ್ರ ಹೆಚ್ಚಿಸೋ ಮಿಷನ್ ಹಾಕೋಣ. ಅಭ್ಯಾಸ ಆಗೋಕೆ ಸ್ವಲ್ಪ ದಿನ ಬೇಕು. ತಾಳ್ಮೆ ಇರ್ಲಿ."

ಬಟಾಣಿಯ ಕಿವಿಯನ್ನೂ ನೋಡಿಸಿದೆವು. ನಾನೇ ಒತ್ತಾಯ ಮಾಡಿದೆ. ಕಿವಿಗೊಂದು ಪುಟ್ಟ ಬಿರಡೆ ಇಟ್ಟು, ಪರದೆ ನೋಡಿ, "ಪಸಂದಾಗಿದೆ" ಅಂದಳು. ಅತ್ತೆ ಆ ತುಟಿಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. "ಏನಂದ್ರು? ಪಸಂದು ಅಂದ್ರಾ?" ಅಂತ ನನ್ನನ್ನು ಎರಡು ಸಲ ಕೇಳಿದರು.

ಏಪ್ರಿಲ್ 2, ಬುಧವಾರ

ಅತ್ತೆಗೆ ಮಿಷನ್ ಬಂತು. ಕಿವಿಯ ಹಿಂದೆ ಹುಣಸೆ ಬೀಜದಷ್ಟು.

ಎಲ್ಲ ಚೆನ್ನಾಗಾಗುತ್ತದೆ ಅಂದುಕೊಂಡಿದ್ದೆ. ಏನೂ ಇಲ್ಲ. ದಿನವಿಡೀ ರಂಪ. ನಲ್ಲಿ ಬಿಟ್ಟರೆ ತಗಡು ಸುರಿದ ಹಾಗಂತೆ. ನಾನು ಪೇಪರ್ ಮಡಿಸಿದರೆ ಕಿವಿ ಮುಚ್ಚಿಕೊಂಡರು. "ಇಷ್ಟೆಲ್ಲ ಗಲಾಟೇಲಿ ಹೇಗೆ ಬದುಕ್ತೀರ್ರೀ ನೀವೆಲ್ಲಾ?" ತೆಗೆದು ಅದರ ಪೆಟ್ಟಿಗೆಯಲ್ಲಿಟ್ಟರು. ಇವಳು ಮತ್ತೆ ಹಾಕಿಸಿದಳು. ಮತ್ತೆ ತೆಗೆದರು.

ಸಂಜೆ ನನ್ನನ್ನು ಕರೆದು, "ಆ ಮಳೆ ಹಾಕಿ, ಕೇಳ್ತೀನಿ" ಅಂದರು. ಬಟಾಣಿ ಆಚೆ ಇವಳ ಹತ್ತಿರವಿದ್ದಳು. ಮೋಡದ ಗುಂಡಿ ಒತ್ತಿದೆ. ಅತ್ತೆ ಕಣ್ಣು ಕಿರಿದಾಗಿಸಿ ಕೇಳಿದರು. "ಓ... ಇದು ಮಳೆ." ಆಮೇಲೆ ತಾವೇ ಕೈ ಚಾಚಿ ತಿರುಪನ್ನು ಏರಿಸುತ್ತಾ ಹೋದರು. ಹಿಂದೆ ಎಲ್ಲಿಗೆ ತರುತ್ತಿದ್ದರೋ ಅಲ್ಲಿಗೆ. ಬೇಡ ಅತ್ತೆ ಅಂದೆ. ಕೇಳಲಿಲ್ಲ. ಸದ್ದು ಕೋಣೆ ತುಂಬಿತು. ಅವರ ಕೈ ತಿರುಪಿನ ಮೇಲೇ ನಿಂತಿತು.

"ಇಷ್ಟು ಜೋರಾ? ಇದನ್ನ ಆ ಎಳೇ ಕಿವಿಗೆ..."

ಆಫ್ ಮಾಡಿದೆ. "ಕೆಲವೇ ದಿನ ಅತ್ತೆ. ಏನೂ ಆಗಿಲ್ಲ. ಪಸಂದು ಅಂದ್ರಲ್ಲ."

ಅಲ್ಲಿಂದ ಮುಂದೆ ಮಿಷನ್ ತೆಗೆದಿಲ್ಲ. ಪೇಪರನ್ನು ನಾನೇ ಬಾಲ್ಕನಿಗೆ ಹೋಗಿ ಓದುತ್ತಿದ್ದೇನೆ.

ಏಪ್ರಿಲ್ 5, ಶನಿವಾರ

ಇವತ್ತು ಟ್ರಯಲ್. ಇವಳದೇ ಮಾತು. "ಹೊಸ ಡ್ರೈವರಿಗೆ ಬಸ್ ಕೊಡೋ ಮೊದ್ಲು ಒಂದು ಸುತ್ತು ಓಡಿಸಿ ನೋಡ್ತೀವಿ. ಅಮ್ಮ ಆದ್ರೇನು." ಡೇಕೇರಿನವರು ಸೋಮವಾರದಿಂದ ಜಾಗವಿದೆ ಅಂದಿದ್ದಾರೆ. ಸಂಜೆಯೊಳಗೆ ಹೇಳಬೇಕು.

ಬಟಾಣಿಯನ್ನು ಮಲಗಿಸಿ, ಅತ್ತೆಗೆ ಒಪ್ಪಿಸಿ, "ಅಂಗಡಿಗೆ ಹೋಗಿ ಬರ್ತೀವಿ" ಎಂದು ಹೊರಟೆವು. ಹೋಗಲಿಲ್ಲ. ಬಾಗಿಲಾಚೆ ಮೆಟ್ಟಿಲ ಮೇಲೆ ಕುಳಿತೆವು. ಮೇಲಿನ ಮನೆಯ ಯಜಮಾನರು ಇಳಿದು ಬಂದು, "ಏನು, ಹೊರಗೆ ಹಾಕಿದ್ರಾ?" ಅಂದರು. ತುಟಿಗೆ ಬೆರಳಿಟ್ಟು ಕಳಿಸಿದೆವು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು. ಇವಳು ನನ್ನನ್ನು ನೋಡಿದಳು.

ಆಗಲೇ ಬಟಾಣಿ ಎದ್ದಳು. ಮೊದಲು ಒಂದು ಕುಂಯ್. ಆಮೇಲೆ ಅಳು.

ಇವಳು ನನ್ನ ಮಣಿಕಟ್ಟು ಹಿಡಿದಳು. ಉಗುರು ಒಳಕ್ಕಿಳಿಯುವಷ್ಟು. ಸ್ಟೇರಿಂಗ್ ಹಿಡಿಯುವ ಕೈ. ನಲ್ಲಿ ಹರಿಯುತ್ತಲೇ ಇತ್ತು. ಅಳು ಏರಿತು. ನಾನು ಏಳಲು ಹೋದೆ, ಎಳೆದು ಕೂರಿಸಿದಳು.

ನಲ್ಲಿ ನಿಂತಿತು.

ಚಪ್ಪಲಿಯ ಸದ್ದು — ಸರಸರ. ಆಮೇಲೆ ಅತ್ತೆಯ ಧ್ವನಿ. "ಬಂದೆ ಬಂದೆ ಬಂದೆ, ನನ್ನ ಬಂಗಾರಾ! ಕೇಳ್ಸ್ತು ಕಣೇ, ಕೇಳ್ಸ್ತು. ಊರಿಗೆಲ್ಲ ಕೇಳ್ಸ್ತು. ಸುಮ್ನಿರು..."

ಅಳು ಬಿಕ್ಕಾಯಿತು. ಬಿಕ್ಕು ನಿಂತಿತು.

ಇವಳು ಮಣಿಕಟ್ಟು ಬಿಟ್ಟು ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ಅಲ್ಲಿಂದಲೇ ಡೇಕೇರಿಗೆ ಫೋನ್ ಮಾಡಿದಳು. "ಬೇಡ ಮೇಡಂ. ಮನೇಲೇ ಅಮ್ಮ ಇದಾರೆ."

ಬರಿಗೈಯಲ್ಲಿ ಒಳಗೆ ಹೋದೆವು. ಅತ್ತೆ ನಮ್ಮ ಕೈ ನೋಡಿದರು, ಮುಖ ನೋಡಿದರು. "ಮೆಟ್ಟಿಲ ಮೇಲೆ ಕೂತು ಗುಸುಗುಸು ಮಾಡೋರು ಚಪ್ಪಲಿ ಆದ್ರೂ ಬಿಚ್ಚಿಡ್ಬಾರ್ದಾ? ಕರಕರ ಅಂತ ಎಲ್ಲ ಕೇಳ್ಸುತ್ತೆ ಈಗ" ಅಂದರು.

ಏಪ್ರಿಲ್ 6, ಭಾನುವಾರ. ಸಂಜೆ

ನಾಳೆಯಿಂದ ಅಂಗಡಿ. ಅಂಗಿ ಇಸ್ತ್ರಿ ಆಯಿತು. ಇವಳು ಊಟಕ್ಕೆ ತರಕಾರಿ ಹೆಚ್ಚುತ್ತಿದ್ದಾಳೆ. ಬಟಾಣಿ ಮಲಗಿದ್ದಾಳೆ. ಡಬ್ಬಿಯನ್ನು ಅತ್ತೆಯೇ ಆಫ್ ಮಾಡಿದರು, ಅವಳ ಕಣ್ಣು ಮುಚ್ಚಿದ ಕೂಡಲೇ. ನನಗಿಂತ ಕಟ್ಟುನಿಟ್ಟು ಈಗ.

ಬಾಗಿಲ ಹತ್ತಿರ ನಿಂತು ನೋಡಿದೆ. ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅಲುಗಾಟವೇ ಇಲ್ಲ. ನನ್ನನ್ನು ಕಂಡು ಮೆಲ್ಲಗೆ ಕೇಳಿದರು.

"ಮಲಗಿರೋ ಮಗು ಉಸಿರಾಡೋದು ಎಲ್ರಿಗೂ ಕೇಳ್ಸುತ್ತಾ?"

"ಹತ್ರ ಇದ್ರೆ ಕೇಳ್ಸುತ್ತೆ ಅತ್ತೆ."

"ಹೌದಾ." ತೊಟ್ಟಿಲಿನತ್ತ ಬಗ್ಗಿದರು. "ಈ ಮಗೂನ ಅಮ್ಮ ಹುಟ್ಟಿದಾಗ ನನಗಿದು ಗೊತ್ತೇ ಇರ್ಲಿಲ್ಲ. ಹೊಟ್ಟೆ ಮೇಲೆ ಕೈಯಿಟ್ಟು ನೋಡ್ತಿದ್ದೆ. ಏರುತ್ತಾ, ಇಳಿಯುತ್ತಾ ಅಂತ. ಮಕ್ಳು ಸದ್ದಿಲ್ದೇ ಮಲಗ್ತಾರೆ ಅಂದ್ಕೊಂಡಿದ್ದೆ."

ಅಲ್ಲೇ ನಿಂತು ನಾನೂ ಆ ಉಸಿರನ್ನು ಕೇಳಿಸಿಕೊಂಡೆ. ಇಷ್ಟು ದಿನ ಈ ಮನೆಯ ಸದ್ದನ್ನೆಲ್ಲ ಅಳೆದಿದ್ದೇನೆ. ಇದನ್ನು ಅಳೆದಿಲ್ಲ. ಮೊಬೈಲ್ ಜೇಬಿನಲ್ಲೇ ಇತ್ತು. ತೆಗೆಯಬೇಕು ಅನಿಸಲಿಲ್ಲ.

ಹೊರಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಇವಳು ಹೆಚ್ಚುವುದನ್ನು ನಿಲ್ಲಿಸಿ ನೀರು ಕುಡಿಯುತ್ತಿದ್ದಾಳೆ. ಇನ್ನು ಅಂಗಡಿಯಲ್ಲಿ ಕೂತು ಮನೆಯ ಚಿಂತೆ ಮಾಡುವುದಿಲ್ಲ ಅಂತ ಬರೆಯಲು ಹೊರಟಿದ್ದೆ. ಸುಳ್ಳು. ಮಾಡುತ್ತೇನೆ. ಆದರೆ...

ಅತ್ತೆ ಕರೆಯುತ್ತಿದ್ದಾರೆ. ಮೆಲ್ಲಗೆ. "ಅಳಿಯಂದ್ರೇ, ಬನ್ನಿ ಬೇಗ. ನಿದ್ದೇಲಿ ನಗ್ತಾ ಏನೋ ಒಂಥರಾ ಸದ್ದು ಮಾಡ್ತಿದಾಳೆ, ಅಳು ಅಲ್ಲ. ಇದೇನಿದು ಹೊಸದು?"

ನನಗಂತೂ ಇಲ್ಲಿಗೆ ಏನೂ ಕೇಳುತ್ತಿಲ್ಲ. ಏನಿರಬಹುದು? ಹೋಗಿ ನೋಡಿ ಬಂದು —